'ಸಟ್ಲಿ' ಎಂಬ ಪದವೂ ಬೆಳಗಾವಿಯ ಒಂದು ಭಾಷಣವೂ

ಇಂಗ್ಲಿಷಿನಲ್ಲಿ 'ಸಟ್ಲಿ' ಅಂತ ಒಂದು ಪದ ಇದೆ. ಬರೆಯುವಾಗ ಎಸ್, ಯು, ಬಿ, ಟಿ, ಎಲ್, ವೈ. ಬರೆದದ್ದನ್ನು ನೋಡಿ ನಮ್ಮ ಕಡೆ ಹುಡುಗರು 'ಸಬ್ಟ್ಲಿ' ಅಂತ ಓದುತ್ತಾರೆ. ಅದರಲ್ಲಿ ಅವರ ತಪ್ಪೇನಿಲ್ಲ, ಬಿ ಕಣ್ಣೆದುರಿಗೇ ಕೂತಿದೆ. ಆದರೆ ಬಾಯಲ್ಲಿ ಅದು ಬರಬಾರದು. ಇದ್ದೂ ಇಲ್ಲದ ಹಾಗೆ ಇರುವುದೇ ಆ ಬಿ ಅಕ್ಷರದ ಕೆಲಸ. ಪದದ ಅರ್ಥವೂ ಹೆಚ್ಚುಕಡಿಮೆ ಅದೇ: ಇದ್ದರೂ ಥಟ್ಟನೆ ಕಾಣದ ಹಾಗೆ, ಹೇಳಿದರೂ ಹೇಳದ ಹಾಗೆ.

ಇಂಥ ಪದದ ಬಗ್ಗೆ ಐಗಳಿಯಲ್ಲೋ ತೆಲಸಂಗದಲ್ಲೋ ಕೂತು ಮೊಬೈಲಿನಲ್ಲಿ ಓದುವವರಿಗೆ ಏನು ಕೆಲಸ ಅಂತ ನೀವು ಕೇಳಬಹುದು. ಕೆಲಸ ಇದೆ. ಹೇಳಿಯೂ ಹೇಳದ ಮಾತಿನ ಸಲುವಾಗಿ ಈ ಜಿಲ್ಲೆಯಲ್ಲಿ ಒಮ್ಮೆ ದೊಡ್ಡ ಖಟ್ಲೆಯೇ ನಡೆದಿದೆ. ಅಂಥ ಮಾತನ್ನು ನಾವು ದಿನಾ ಆಡುತ್ತೇವೆ, ದಿನಾ ಕೇಳಿಸಿಕೊಳ್ಳುತ್ತೇವೆ. ಅದು ಕೆಲವೊಮ್ಮೆ ನಮ್ಮನ್ನು ಕಾಯುತ್ತದೆ, ಕೆಲವೊಮ್ಮೆ ಕೊಯ್ಯುತ್ತದೆ. ಯಾವಾಗ ಯಾವುದು ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು.

ಮಗ್ಗದಿಂದ ಬಂದ ಪದ

'ಸಟ್ಲಿ'ಯ ಮೂಲ ಲ್ಯಾಟಿನ್ ಭಾಷೆಯ 'ಸುಬ್ಟಿಲಿಸ್'. ತೆಳು, ನವಿರು ಅಂತ ಅದರ ಅರ್ಥ. ಆ ಪದಕ್ಕೂ ಮಗ್ಗದ ಮೇಲಿನ ನೇಯ್ಗೆಗೆ ಹೇಳುವ 'ಟೇಲಾ' ಎಂಬ ಲ್ಯಾಟಿನ್ ಪದಕ್ಕೂ ನಂಟಿದೆ ಅನ್ನುವುದು ಪದಗಳ ಚರಿತ್ರೆ ಬರೆಯುವವರ ಅಭಿಪ್ರಾಯ. ಅಂದರೆ ಇದು ನೇಕಾರರ ಕಡೆಯಿಂದ ಬಂದ ಪದ. ಎಳೆ ಎಷ್ಟು ಸಣ್ಣದು ಅಂದರೆ ಬಟ್ಟೆ ಕಾಣುತ್ತದೆ, ಎಳೆ ಕಾಣುವುದಿಲ್ಲ. ಇಳಕಲ್ ಸೀರೆಯನ್ನು ಬೆರಳಲ್ಲಿ ಮುಟ್ಟಿ ನೋಡಿ ಬೆಲೆ ಕಟ್ಟುವ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲ್ಯಾಟಿನ್‌ನಿಂದ ಫ್ರೆಂಚಿಗೆ ಹೋದಾಗ ಪದ ಸವೆದು 'ಸೋತಿಲ್' ಆಯಿತು. ಅಲ್ಲಿಂದ ಇಂಗ್ಲಿಷಿಗೆ ಬಂದಾಗ ಬಿ ಇರಲೇ ಇಲ್ಲ. ಮುಂದೆ ಲ್ಯಾಟಿನ್ ಓದಿದ ಪಂಡಿತರು ಮೂಲದಲ್ಲಿ ಬಿ ಇತ್ತು ಅಂತ ಅದನ್ನು ಬರಹದೊಳಗೆ ಮತ್ತೆ ಸೇರಿಸಿದರು. ಜನ ಮಾತ್ರ ಮೊದಲಿನ ಹಾಗೇ ಮಾತಾಡಿದರು. 'ಡೌಟ್' ಪದದಲ್ಲಿ ಬಿ ಬರೆದೂ ಓದದೇ ಇರುವುದಕ್ಕೆ ಕಾರಣ ಇದೇ. ಸಾಲ ಅನ್ನುವುದಕ್ಕೆ ಇಂಗ್ಲಿಷಿನವರು ಹೇಳುವ 'ಡೆಟ್' ಪದದ ಕತೆಯೂ ಇದೇ.

ಅರ್ಥ ಕೂಡ ಒಂದೇ ಕಡೆ ನಿಲ್ಲಲಿಲ್ಲ. ಮೊದಲು ತೆಳುವಾದದ್ದು. ಆಮೇಲೆ ಕೈಚಳಕದ್ದು. ನಡುಗಾಲದ ಇಂಗ್ಲೆಂಡಿನಲ್ಲಿ ಶ್ರೀಮಂತರ ಔತಣಗಳಲ್ಲಿ ಸಕ್ಕರೆಯಿಂದ ಕೋಟೆ, ಪ್ರಾಣಿ, ಮನುಷ್ಯರ ಬೊಂಬೆ ಮಾಡಿ ತಂದಿಡುತ್ತಿದ್ದರು. ಆ ಬೊಂಬೆಗಳಿಗೂ ಇದೇ ಬಳಗದ ಪದವೇ ಹೆಸರು. ಗೌರಿ ಹುಣ್ಣಿಮೆಗೆ ಅಚ್ಚಿನಲ್ಲಿ ಸಕ್ಕರೆ ಆರತಿ ಮಾಡುವ ನಮಗೆ ಆ ಬೊಂಬೆ ಹೇಗಿದ್ದೀತು ಅಂತ ಊಹಿಸುವುದು ಕಷ್ಟವಲ್ಲ. ಅದೇ ಪದಕ್ಕೆ ಕುತಂತ್ರ ಎಂಬ ಅರ್ಥವೂ ಅಂಟಿಕೊಂಡಿತು. 1611ರಲ್ಲಿ ಅಚ್ಚಾದ ಇಂಗ್ಲಿಷ್ ಬೈಬಲ್ಲಿನಲ್ಲಿ ಹವ್ವಳನ್ನು ಮರುಳು ಮಾಡಿದ ಹಾವಿನ ಗುಣ ಹೇಳಲು ಬಳಸಿದ್ದು ಈ ಬಳಗದ ಪದವನ್ನೇ. ಈಗ ಕುತಂತ್ರದ ಅರ್ಥ ಬಹಳ ಮಟ್ಟಿಗೆ ಹಿಂದೆ ಸರಿದು, 'ಸುಲಭಕ್ಕೆ ಗೊತ್ತಾಗದ ಹಾಗೆ' ಅನ್ನುವ ಅರ್ಥ ಮುಂದೆ ನಿಂತಿದೆ.

ಇವತ್ತು ಇದನ್ನು ಮೂರು ರೀತಿಯಲ್ಲಿ ಬಳಸುತ್ತಾರೆ. ಒಂದು, ಸಣ್ಣ ವ್ಯತ್ಯಾಸಕ್ಕೆ: ಸಾರಿಗೆ ಚೂರು ಬೆಲ್ಲ ಬಿದ್ದಿದೆ, ರುಚಿ 'ಸಟ್ಲಿ' ಬದಲಾಗಿದೆ. ಎರಡು, ನಯವಾದ ಮಾತಿಗೆ: ಮನೆಗೆ ಬಂದವರಿಗೆ ಹೊತ್ತಾಯಿತು ಅಂತ 'ಸಟ್ಲಿ' ಹೇಳಿದರು. ಮೂರು, ಒಳಗೊಳಗೇ ಮಾಡುವ ಕೆಲಸಕ್ಕೆ: ಅವನನ್ನು ಪಂಚಾಯ್ತಿ ಕೆಲಸದಿಂದ 'ಸಟ್ಲಿ' ಹೊರಗಿಟ್ಟರು. ಪದ ಒಂದೇ. ಮೊದಲನೆಯದರಲ್ಲಿ ಇರುವುದು ಬರೀ ರುಚಿ, ಎರಡನೆಯದರಲ್ಲಿ ಮರ್ಯಾದೆ, ಮೂರನೆಯದರಲ್ಲಿ ಅನ್ಯಾಯ.

ಕನ್ನಡದಲ್ಲಿ ಏನನ್ನೋಣ?

ಇದಕ್ಕೆ ಸರಿಯಾಗಿ ಕೂಡುವ ಒಂದೇ ಕನ್ನಡ ಪದ ಇಲ್ಲ. ಸುದ್ದಿ ಬರೆಯುವ ನಾವು ಸಾಮಾನ್ಯವಾಗಿ 'ಸೂಕ್ಷ್ಮವಾಗಿ' ಅಂತ ಬರೆದು ಮುಗಿಸುತ್ತೇವೆ. ಆದರೆ 'ಸೂಕ್ಷ್ಮ' ಎಂಬ ಪದದ ತಲೆ ಮೇಲೆ ಈಗ ಬಹಳ ಹೊರೆ ಬಿದ್ದಿದೆ. ಗಲಾಟೆ ಆಗಬಹುದಾದ ಮತಗಟ್ಟೆಯೂ ಸೂಕ್ಷ್ಮ. ಹನಿ ನೀರಾವರಿಯೂ ಸೂಕ್ಷ್ಮ ನೀರಾವರಿ. ಚಿಂತಾಜನಕ ಸ್ಥಿತಿಯಲ್ಲಿರುವ ರೋಗಿಯ ಆರೋಗ್ಯವೂ ಸೂಕ್ಷ್ಮ. ಇಂಗ್ಲಿಷಿನಲ್ಲಿ ಇವಕ್ಕೆಲ್ಲ ಬೇರೆ ಬೇರೆ ಪದ ಇವೆ. ಹಾಗಾಗಿ 'ಸೂಕ್ಷ್ಮವಾಗಿ ಹೇಳಿದರು' ಅಂತ ಬರೆದರೆ ಓದುವವರಿಗೆ ಹೇಳಿದ ರೀತಿ ಕಣ್ಣಿಗೆ ಕಟ್ಟುವುದಿಲ್ಲ.

ಬಾಯಿಮಾತಿನ ಕನ್ನಡದಲ್ಲಿ ಇದಕ್ಕೆ ಬಡತನ ಇಲ್ಲ. ಸನ್ನೆ ಮಾಡಿದ, ಸುಳಿವು ಕೊಟ್ಟ, ಬಾಯಿ ಬಿಡದೆ ತಿಳಿಸಿದ, ಮಾತಿನಾಗ ಸೇರಿಸಿ ಅಂದ, ಕಂಡೂ ಕಾಣದಂಗ ಮಾಡಿದ. ಒಂದೊಂದಕ್ಕೂ ಒಂದೊಂದು ತೂಕ. ಗಡಿಭಾಗದವರಿಗೆ ಮರಾಠಿಯ 'ಲೇಕಿ ಬೋಲೆ ಸುನೆ ಲಾಗೆ' ಗಾದೆಯೂ ಗೊತ್ತು. ಮಗಳಿಗೆ ಅಂದಂಗ ಮಾಡಿ ಸೊಸೆಗೆ ತಟ್ಟಿಸುವ ಮಾತು ಅದು. ಎಷ್ಟು ಮನೆಗಳಲ್ಲಿ ಅಡುಗೆ ಒಲೆಯ ಮುಂದೆ ಈ ಗಾದೆ ನಡೆದಿಲ್ಲ ಹೇಳಿ!

ಈ ವಿಷಯವನ್ನು ನಮ್ಮ ಹಿಂದಿನವರು ಶಾಸ್ತ್ರವಾಗಿಯೂ ನೋಡಿದ್ದಾರೆ. ದಂಡಿ ಎಂಬ ಸಂಸ್ಕೃತ ಪಂಡಿತ ತನ್ನ 'ಕಾವ್ಯಾದರ್ಶ'ದಲ್ಲಿ 'ಸೂಕ್ಷ್ಮ' ಎಂಬುದನ್ನೇ ಒಂದು ಅಲಂಕಾರವಾಗಿ ಎಣಿಸಿದ. ಮಾತಿನಿಂದ ಅಲ್ಲ, ಕೈಸನ್ನೆಯಿಂದಲೋ ಮುಖದ ಬಣ್ಣದಿಂದಲೋ ಅರ್ಥ ತಿಳಿಯುವುದು ಅದರ ಲಕ್ಷಣ. ಅವನು ಕೊಡುವ ಉದಾಹರಣೆ ಚೆಂದದ್ದು. ನಾಲ್ಕು ಮಂದಿ ನಡುವೆ ನಲ್ಲನಿಗೆ ಮತ್ತೆ ಯಾವಾಗ ಸೇರೋಣ ಅಂತ ಬಾಯಿಬಿಟ್ಟು ಕೇಳಲಾಗದು. ಅದು ನಲ್ಲೆಗೆ ತಿಳಿಯಿತು. ಅವಳು ಕೈಯಲ್ಲಿದ್ದ ತಾವರೆಯನ್ನು ಸುಮ್ಮನೆ ಮುಚ್ಚಿದಳು. ತಾವರೆ ಮುಚ್ಚುವುದು ಸಂಜೆಗೆ. ಕೇಳಿದವನಿಗೆ ಉತ್ತರ ಸಿಕ್ಕಿತು, ಉಳಿದವರಿಗೆ ಏನೂ ಗೊತ್ತಾಗಲಿಲ್ಲ. ದಂಡಿಯನ್ನು ಬಹಳವಾಗಿ ಅನುಸರಿಸಿ 9ನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಹುಟ್ಟಿದ 'ಕವಿರಾಜಮಾರ್ಗ'ವು 'ಧ್ವನಿ'ಯನ್ನೂ ಅಲಂಕಾರಗಳ ಸಾಲಿನಲ್ಲಿ ಹೆಸರಿಸುತ್ತದೆ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥದಲ್ಲೇ ಆಡದೇ ಉಳಿದ ಮಾತಿಗೆ ಜಾಗ ಸಿಕ್ಕಿದೆ ಅಂದಹಾಗಾಯಿತು.

ಬಾಯಿ ಕಟ್ಟಿದವರ ಮಾತು

ತಾವರೆಯ ಕತೆ ಸರಸದ್ದು. ಆದರೆ ಜನ ಮಾತನ್ನು ಮುಚ್ಚಿ ಆಡುವುದು ಬರೀ ಸರಸಕ್ಕಲ್ಲ. ಬಿಚ್ಚಿ ಆಡಿದರೆ ಪೆಟ್ಟು ಬೀಳುತ್ತದೆ ಅನ್ನುವಾಗಲೂ ಆಡುತ್ತಾರೆ.

ನಮ್ಮ ಕಡೆ ಮದುವೆಗಳಲ್ಲಿ ಒಡಪು ಹೇಳಿಸುವುದನ್ನೇ ತೆಗೆದುಕೊಳ್ಳಿ. ಹೆಂಡತಿ ಗಂಡನ ಹೆಸರು ಹೇಳಬಾರದು ಅನ್ನುವುದು ಹಳೆಯ ಕಟ್ಟು. ಆದರೆ ಮದುವೆಯ ದಿನ ಹೆಸರು ಹೇಳದೆ ಯಾರೂ ಬಿಡುವುದಿಲ್ಲ. ಆಗ ಮದುಮಗಳು ಹೂವು, ತಂಬಿಗೆ, ಹೊಳೆ, ದೇವರು ಅಂತ ಪ್ರಾಸ ಕಟ್ಟಿ, ಅದರ ತುದಿಯಲ್ಲಿ ಹೆಸರನ್ನು ತೇಲಿಸಿ ಬಿಡುತ್ತಾಳೆ. ಗಡಿಯಾಚೆ ಮರಾಠಿಯಲ್ಲಿ ಇದನ್ನೇ ಉಖಾಣಾ ಅನ್ನುತ್ತಾರೆ. ಕಟ್ಟನ್ನೂ ಮುರಿಯಲಿಲ್ಲ, ಹೆಸರನ್ನೂ ಬಿಡಲಿಲ್ಲ. ಎಲ್ಲರೂ ನಗುತ್ತಾರೆ. ಹೆಸರು ಹೇಳಲೂ ಅವಳಿಗೆ ಪ್ರಾಸದ ಮರೆ ಬೇಕಾಯಿತು ಅನ್ನುವುದು ಆ ನಗುವಿನಲ್ಲಿ ಮರೆತುಹೋಗುತ್ತದೆ.

ಬೀಸುವ ಕಲ್ಲಿನ ಹಾಡುಗಳದೂ ಇದೇ ದಾರಿ. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಹಳ್ಳಿ ಹೆಣ್ಣುಮಕ್ಕಳ ಬಾಯಿಂದ ತ್ರಿಪದಿಗಳನ್ನು ಕೂಡಿಹಾಕಿ 1931ರಲ್ಲಿ 'ಗರತಿಯ ಹಾಡು' ಅಂತ ಪುಸ್ತಕ ತಂದರು. ಬೆಳಕು ಹರಿಯುವ ಮೊದಲೇ ಎದ್ದು ಬೀಸುವ ಹೆಂಗಸು ಅತ್ತೆಯ ಮುಂದೆ ನೇರ ಹೇಳಲಾಗದ್ದನ್ನು ಕಲ್ಲಿಗೆ ಹೇಳುತ್ತಿದ್ದಳು. ಗೋಡೆಯಾಚೆ ಮಲಗಿದ ಅತ್ತೆಗೆ ಅದು ಕೇಳಿಸುತ್ತಿತ್ತು. ಕೇಳಿಸಿದರೂ ಜಗಳಕ್ಕೆ ಬರುವ ಹಾಗಿರಲಿಲ್ಲ, ಯಾಕೆಂದರೆ ಸೊಸೆ ಹಾಡುತ್ತಿದ್ದಾಳೆ, ಅಷ್ಟೇ.

ಹೀಗೆ ನೋಡಿದರೆ ಮುಚ್ಚಿ ಆಡುವ ಮಾತು ಕೈಲಾಗದವರ ಗುರಾಣಿ. ಊರಿನ ಮನೆಗಳಲ್ಲಿ ನಡೆಯುತ್ತಿದ್ದ ಇದೇ ಆಟ ಒಮ್ಮೆ ಬ್ರಿಟಿಷ್ ಸರ್ಕಾರದ ಎದುರು ನಡೆಯಿತು, ಅದೂ ನಮ್ಮ ಜಿಲ್ಲಾ ಕೇಂದ್ರದಲ್ಲಿ.

ಬೆಳಗಾವಿ, 1916

ಆಗ ಅಥಣಿ ತಾಲ್ಲೂಕು ಮುಂಬೈ ಪ್ರಾಂತ್ಯದ ಬೆಳಗಾವಿ ಜಿಲ್ಲೆಯಲ್ಲಿತ್ತು. ನಾವು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಸರ್ಕಾರದ ವಿರುದ್ಧ ಮಾತಾಡಿದರೆ ಭಾರತ ದಂಡಸಂಹಿತೆಯ 124ಎ ಕಲಂ ಕಾದು ಕೂತಿತ್ತು. 1870ರಲ್ಲಿ ಸೇರಿಸಿದ ಆ ಕಲಮು 'ಸರ್ಕಾರದ ಮೇಲೆ ಅಪ್ರೀತಿ ಹುಟ್ಟಿಸುವುದು' ಅಪರಾಧ ಅನ್ನುತ್ತಿತ್ತು. ಅಪ್ರೀತಿಯನ್ನು ಅಳೆಯುವ ತಕ್ಕಡಿ ಎಲ್ಲಿದೆ? ಆದ್ದರಿಂದ ಮಾತಿನ ಒಳಗೇನಿದೆ ಅನ್ನುವುದೇ ಆ ಖಟ್ಲೆಗಳ ಜೀವಾಳ.

ಬಾಲಗಂಗಾಧರ ತಿಲಕರು ಈ ಕಲಮಿನ ಏಟು ಮೊದಲೇ ತಿಂದವರು. 1897ರಲ್ಲಿ ಅವರ 'ಕೇಸರಿ' ಪತ್ರಿಕೆಯ ಬರಹಗಳಿಗಾಗಿ 18 ತಿಂಗಳ ಶಿಕ್ಷೆ ಆಗಿತ್ತು. ಶಿವಾಜಿ ಅಫಜಲಖಾನನನ್ನು ಕೊಂದದ್ದರ ಚರ್ಚೆ ಆ ಬರಹಗಳಲ್ಲಿತ್ತು. ಹಳೆಯ ಇತಿಹಾಸ ಹೇಳುವ ನೆಪದಲ್ಲಿ ಇವತ್ತಿನ ಸರ್ಕಾರದ ಮೇಲೆ ಎತ್ತಿಕಟ್ಟುತ್ತಿದ್ದಾರೆ ಅನ್ನುವುದು ಸರ್ಕಾರದ ವಾದ. 1908ರಲ್ಲಿ ಮತ್ತೆ ಖಟ್ಲೆ. ತಿಲಕರು ತಾವೇ ನಿಂತು ದಿನಗಟ್ಟಲೆ, ಒಟ್ಟು 21 ತಾಸಿಗೂ ಹೆಚ್ಚು ಹೊತ್ತು ವಾದ ಮಾಡಿದರು. ಕೋರ್ಟಿಗೆ ಕೊಟ್ಟ ಇಂಗ್ಲಿಷ್ ಅನುವಾದದಲ್ಲಿ ತಮ್ಮ ಮರಾಠಿ ಪದಗಳ ಬಿಸಿ ಏರಿಸಲಾಗಿದೆ ಅನ್ನುವುದು ಆ ವಾದದ ದೊಡ್ಡ ಭಾಗ. ಜ್ಯೂರಿಯಲ್ಲಿ ಏಳು ಮಂದಿ ಯುರೋಪಿಯನ್ನರು, ಇಬ್ಬರು ಪಾರ್ಸಿಗಳು. ಏಳು ಮಂದಿ ತಪ್ಪಿತಸ್ಥ ಅಂದರು, ಇಬ್ಬರು ಅಲ್ಲ ಅಂದರು. ಆರು ವರ್ಷದ ಶಿಕ್ಷೆ ಬಿತ್ತು, ತಿಲಕರನ್ನು ಬರ್ಮಾದ ಮಂಡಾಲೆಗೆ ಒಯ್ದರು. ಮೂಲ ಭಾಷೆಯ ನವಿರು ತಿಳಿಯದವರ ಕೈಗೆ ಮಾತು ಸಿಕ್ಕರೆ ಏನಾಗುತ್ತದೆ ಅನ್ನುವುದಕ್ಕೆ ಈ ಆರು ವರ್ಷಗಳೇ ಸಾಕ್ಷಿ.

1914ರಲ್ಲಿ ಬಿಡುಗಡೆಯಾಗಿ ಬಂದವರು 1916ರ ಏಪ್ರಿಲ್ 28ರಂದು ಬೆಳಗಾವಿಯಲ್ಲಿ ಹೋಮ್ ರೂಲ್ ಲೀಗ್ ಸ್ಥಾಪಿಸಿದರು. ಮೇ 1ರಂದು ಅದೇ ಬೆಳಗಾವಿಯಲ್ಲಿ ಸ್ವರಾಜ್ಯದ ಮೇಲೆ ಮರಾಠಿಯಲ್ಲಿ ಭಾಷಣ ಮಾಡಿದರು. ಸರ್ಕಾರ ಬೇಡ ಅಂದರೆ ರಾಜದ್ರೋಹ. ಬೇಡ ಅನ್ನದಿದ್ದರೆ ಭಾಷಣಕ್ಕೆ ಅರ್ಥವಿಲ್ಲ. ತಿಲಕರು ನಡುವಿನ ದಾರಿ ಹಿಡಿದರು. ಸರ್ಕಾರ ಅನ್ನುವುದರಲ್ಲಿ ಎರಡು ಇವೆ ಅಂದರು: ಕಣ್ಣಿಗೆ ಕಾಣದ ಸರ್ಕಾರ ಒಂದು, ಕಣ್ಣಿಗೆ ಕಾಣುವ ಅಧಿಕಾರಿಗಳ ಸರ್ಕಾರ ಇನ್ನೊಂದು. ವೇದಾಂತದಲ್ಲಿ ಗುಣವಿಲ್ಲದ ಬ್ರಹ್ಮ ಬೇರೆ, ಮಾಯೆಗೆ ಸಿಕ್ಕು ರೂಪ ತಳೆದದ್ದು ಬೇರೆ ಅನ್ನುವ ಹಾಗೆ. ನಮ್ಮ ತಕರಾರು ಚಕ್ರವರ್ತಿಯ ಮೇಲೆ ಅಲ್ಲ, ಆ ಕಾಣದ ಸರ್ಕಾರದ ಮೇಲೂ ಅಲ್ಲ. ಕೈಯಲ್ಲಿ ಕಾರಭಾರ ಹಿಡಿದಿರುವವರು ಬದಲಾಗಬೇಕು, ಕಾರಭಾರ ನಮ್ಮ ಕೈಗೆ ಬರಬೇಕು. ಇದು ಆ ಮಾತಿನ ಸಾರ.

ಇದನ್ನು ಕೇಳಿದ ಈ ಭಾಗದ ಜನಕ್ಕೆ ವೇದಾಂತದ ಹೋಲಿಕೆ ಹೊಸದೇನಲ್ಲ. ರಾತ್ರಿಯಿಡೀ ಭಜನೆಯಲ್ಲಿ ತತ್ವಪದ ಹಾಡಿ, ಮೇಲಿನ ಅರ್ಥ ಒಂದು, ಒಳಗಿನ ಅರ್ಥ ಒಂದು ಅಂತ ಬಿಡಿಸಿ ಹೇಳುವ ಊರುಗಳು ಇವು. ಶಿಶುನಾಳ ಶರೀಫರ ಪದ ಕೇಳಿ ಬೆಳೆದವರಿಗೆ ಒಳಾರ್ಥ ಹಿಡಿಯುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಸರ್ಕಾರಕ್ಕೂ ಒಳಾರ್ಥ ತಿಳಿಯಿತು. ಬೆಳಗಾವಿಯ ಒಂದು ಭಾಷಣ, ಅಹಮದನಗರದ ಎರಡು ಭಾಷಣ, ಒಟ್ಟು ಮೂರನ್ನು ಹಿಡಿದು ಜುಲೈ 23ರಂದು ತಿಲಕರಿಗೆ ನೋಟಿಸು ಬಂತು. ಅವತ್ತು ಅವರ 60ನೇ ಹುಟ್ಟುಹಬ್ಬ. ಅದೇ ದಿನ ಜನ ಒಂದು ಲಕ್ಷ ರೂಪಾಯಿಯ ನಿಧಿ ಅರ್ಪಿಸಿದ್ದರು, ಅದನ್ನು ಅವರು ದೇಶದ ಕೆಲಸಕ್ಕೇ ಬಿಟ್ಟುಕೊಟ್ಟರು. ಪುಣೆಯ ಜಿಲ್ಲಾ ಮ್ಯಾಜಿಸ್ಟ್ರೇಟರು ಒಂದು ವರ್ಷ ಸರಿಯಾಗಿ ನಡೆದುಕೊಳ್ಳಬೇಕು ಅಂತ 20,000 ರೂಪಾಯಿಯ ಮುಚ್ಚಳಿಕೆ, ಜೊತೆಗೆ ತಲಾ 10,000 ರೂಪಾಯಿಯ ಇಬ್ಬರ ಜಾಮೀನು ಕೇಳಿದರು. ಬಾಯಿಗೆ ಬೀಗ ಹಾಕುವ ಉಪಾಯ ಅದು.

ಮುಂಬೈ ಹೈಕೋರ್ಟಿನಲ್ಲಿ ತಿಲಕರ ಪರ ವಾದ ಮಾಡಿದವರು ಮಹಮ್ಮದ್ ಅಲಿ ಜಿನ್ನಾ. 1916ರ ನವೆಂಬರ್ 9ರಂದು ನ್ಯಾಯಮೂರ್ತಿಗಳಾದ ಬ್ಯಾಚಲರ್ ಮತ್ತು ಶಾ ಆ ಆದೇಶವನ್ನು ರದ್ದು ಮಾಡಿದರು. ಅಲ್ಲೊಂದು ಇಲ್ಲೊಂದು ವಾಕ್ಯ ಕಿತ್ತು ನೋಡಬಾರದು, ಭಾಷಣವನ್ನು ಇಡಿಯಾಗಿ ಓದಿ ಅದರ ಒಟ್ಟು ಪರಿಣಾಮ ನೋಡಬೇಕು ಅನ್ನುವುದು ಆ ತೀರ್ಪಿನ ತಿರುಳು. ಅಧಿಕಾರಿಗಳು ಬದಲಾಗಬೇಕು ಅನ್ನುವುದು ರಾಜದ್ರೋಹವಾಗಲಿಲ್ಲ. 1908ರಲ್ಲಿ ಮಂಡಾಲೆಗೆ ಕಳಿಸಿದ ಕಲಮೇ 1916ರಲ್ಲಿ ಕೈಕಟ್ಟಿ ನಿಂತಿತು. ಕಾಲ ಬದಲಾಗಿತ್ತು, ನ್ಯಾಯಮೂರ್ತಿಗಳು ಬೇರೆ ಇದ್ದರು, ಅದೂ ಸರಿ. ಆದರೆ ಮಾತನ್ನು ನೇಯ್ದ ರೀತಿಯೂ ಬೇರೆ ಇತ್ತು.

ಗುರಾಣಿ ಕೈ ಬದಲಿಸಿದಾಗ

ಇಲ್ಲಿಗೆ ನಿಲ್ಲಿಸಿದರೆ 'ಸಟ್ಲಿ' ಬಹಳ ಒಳ್ಳೆಯ ಪದ ಅನ್ನಿಸುತ್ತದೆ. ಆದರೆ ಗುರಾಣಿ ಯಾರ ಕೈಯಲ್ಲಿದೆ ಅಂತಲೂ ನೋಡಬೇಕು.

ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸಿತು. 1955ರಲ್ಲಿ ಒಂದು ಕಾಯ್ದೆ, 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ ಬಂದವು. ಅದಕ್ಕೂ ಮೊದಲು 'ಹೊರಗ ನಿಲ್ಲು' ಅಂತ ಬಾಯಿಬಿಟ್ಟೇ ಹೇಳುತ್ತಿದ್ದರು. ಈಗ ಹಾಗೆ ಅಂದರೆ ಕೇಸು. ಆದ್ದರಿಂದ ಹೇಳುವುದಿಲ್ಲ, ಮಾಡುತ್ತಾರೆ. ಚಹಾ ಕೊಡುವಾಗ ಒಬ್ಬರಿಗೆ ಮಾತ್ರ ಪೇಪರ್ ಕಪ್ಪು. ಬಾಡಿಗೆ ಮನೆ ಕೇಳಿದರೆ ಮೊದಲು ಅಡ್ಡಹೆಸರಿನ ವಿಚಾರಣೆ, ಆಮೇಲೆ 'ಮನೀ ಬ್ಯಾರೇದವರಿಗೆ ಮಾತಾಗೇದರಿ' ಅನ್ನುವ ನಯವಾದ ಉತ್ತರ. ಊಟದ ಪಂಕ್ತಿಯಲ್ಲಿ 'ನೀವು ಆರಾಮಾಗಿ ಆಮ್ಯಾಲ ಕೂಡ್ರಿ' ಅನ್ನುವ ಉಪಚಾರ. ಬೈಗುಳ ಒಂದೂ ಇಲ್ಲ. ಸಾಕ್ಷಿ ಹೇಳುವುದು ಯಾವುದಕ್ಕೆ? ಅನುಭವಿಸಿದವನೇ 'ನನಗ ಹಂಗ ಅನಸ್ತೇನೋ' ಅಂತ ತನ್ನ ಮೇಲೇ ಸಂಶಯಪಡುವ ಹಾಗಾಗುತ್ತದೆ. 'ಸಟ್ಲಿ'ಯ ಕೆಟ್ಟ ಮುಖ ಇದು. ಹಳೆಯ ಬೈಬಲ್ಲಿನ ಹಾವು ಇನ್ನೂ ಸತ್ತಿಲ್ಲ.

ಸಾಲ ವಸೂಲಿಯದೂ ಇದೇ ಕತೆ. ಹೊಡೆಯುವುದಿಲ್ಲ, ಬಡಿಯುವುದಿಲ್ಲ. ಬಂದು ಮನೆ ಮುಂದೆ ಕೂಡುತ್ತಾರೆ. ಓಣಿಯವರು ನೋಡಲಿ ಅಂತ ಕೂಡುತ್ತಾರೆ. ಹೆಣ್ಣುಮಗಳು ಹೊಲಕ್ಕೆ ಹೋದರೆ ಹೊಲಕ್ಕೆ, ಸಂತೆಗೆ ಹೋದರೆ ಸಂತೆಗೆ ಬೆನ್ನು ಹತ್ತುತ್ತಾರೆ. 'ನಾವೇನ್ ಅಂದೇವ್ರೀ ಅಕ್ಕಾರ?' ಅಂತ ಮರ್ಯಾದೆಯಿಂದಲೇ ಕೇಳುತ್ತಾರೆ. 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಕಿರುಸಾಲ, ಸಣ್ಣ ಸಾಲಗಳ ವಸೂಲಿಯಲ್ಲಿ ಬಲವಂತ ತಡೆಯಲು ಸುಗ್ರೀವಾಜ್ಞೆ ತಂದಿತು. ಅದರಲ್ಲಿ ನಮಗೆ ಮುಖ್ಯ ಅನ್ನಿಸಿದ್ದು ಇದು: ಹಿಂಸೆ, ಅವಮಾನ ಮಾತ್ರವಲ್ಲ, ಬಿಡದೆ ಹಿಂದೆ ಹಿಂದೆ ತಿರುಗುವುದು, ಮನೆಗೆ ಪದೇ ಪದೇ ಬರುವುದು ಇವನ್ನೂ ಬಲವಂತದ ಪಟ್ಟಿಗೆ ಸೇರಿಸಲಾಯಿತು. ಹೇಳದೆಯೇ ಹಾಕುತ್ತಿದ್ದ ಬೆದರಿಕೆಗೆ ಕಾನೂನು ಬಿಡಿಸಿ ಹೆಸರಿಟ್ಟಿತು. ಹೆಸರು ಬಿದ್ದ ಮೇಲೆ 'ನಾವೇನ್ ಅಂದೇವ್ರೀ' ಅನ್ನುವ ಮಾತಿಗೆ ಮೊದಲಿನ ಬಲ ಇಲ್ಲ.

ಎರಡು ತೂಕ

ಹೀಗಾಗಿ 'ಸಟ್ಲಿ' ಅಂದರೆ ಒಳ್ಳೆಯದೋ ಕೆಟ್ಟದ್ದೋ ಅನ್ನುವ ಪ್ರಶ್ನೆಗೆ ಪದಕೋಶದಲ್ಲಿ ಉತ್ತರ ಸಿಗುವುದಿಲ್ಲ. ಆಡಿದವರು ಯಾರು, ಕೇಳಿದವರು ಯಾರು ಅಂತ ನೋಡಬೇಕು. ಬಿಚ್ಚಿ ಆಡಿದರೆ ಆಡಿದವರಿಗೇ ಪೆಟ್ಟು ಬೀಳುವುದಾದರೆ, ಆ ಮರೆ ಅವರ ಹಕ್ಕು. ಬೀಸುವ ಕಲ್ಲಿನ ಮುಂದೆ ಕೂತ ಸೊಸೆಗೂ 1916ರ ಬೆಳಗಾವಿಯ ವೇದಿಕೆಗೂ ಈ ಹಕ್ಕಿತ್ತು. ಅಂಥ ಮಾತನ್ನು ಕೇಳುವವರು ಮುಂಬೈ ಹೈಕೋರ್ಟು ಹೇಳಿದ ಹಾಗೆ ಇಡಿಯಾಗಿ ಕೇಳಬೇಕು, ಒಂದು ವಾಕ್ಯ ಕಿತ್ತು ವಾಟ್ಸಾಪಿಗೆ ಹಾಕಬಾರದು.

ಆದರೆ ಬಿಚ್ಚಿ ಆಡಿದರೆ ಸಿಕ್ಕಿಬೀಳುತ್ತೇವೆ ಅಂತ ಬಲವಂತರು ಮುಚ್ಚಿ ಆಡುತ್ತಿದ್ದರೆ, ಆ ಮರೆ ಸರಿಸುವುದು ಕೇಳಿದವರ ಹಕ್ಕು. ಅಂಥ ಹೊತ್ತಿನಲ್ಲಿ ಕೇಳಬೇಕಾದ್ದು ಒಂದೇ ಮಾತು: 'ಅಂದ್ರ ಏನ್ರೀ? ಬಿಡಿಸಿ ಹೇಳ್ರಿ.' ನಾಲ್ಕು ಮಂದಿ ಮುಂದೆ, ತಗ್ಗಿದ ದನಿಯಲ್ಲೇ ಕೇಳಿ ಸಾಕು. ಬಿಡಿಸಿ ಹೇಳಲಾಗದ ಮಾತು ಅಲ್ಲಿಗೇ ನಿಲ್ಲುತ್ತದೆ. ಹೇಳಿದರೆ ಸಾಕ್ಷಿ ಆಗುತ್ತದೆ.

ಸುದ್ದಿ ಬರೆಯುವ ನಮಗೂ ಇದರಲ್ಲಿ ಕೆಲಸ ಇದೆ. 'ಸೂಕ್ಷ್ಮವಾಗಿ ತಾರತಮ್ಯ ನಡೆದಿದೆ' ಅಂತ ಒಂದು ಸಾಲು ಬರೆದರೆ ಸುದ್ದಿ ಆಗುವುದಿಲ್ಲ. ಯಾರ ಕೈಗೆ ಪೇಪರ್ ಕಪ್ಪು ಬಂತು, ಯಾರ ಕೈಗೆ ಸ್ಟೀಲಿನ ಲೋಟ ಬಂತು ಅಂತ ಬರೆಯಬೇಕು. ಬಟ್ಟೆ ಮಾತ್ರ ಕಂಡರೆ ಸಾಲದು, ಎಳೆಯನ್ನೂ ಬೆರಳಿಗೆ ಹಿಡಿದು ತೋರಿಸಬೇಕು.

ಇನ್ನು ಪರೀಕ್ಷೆಗೆ ಓದುವ ತಮ್ಮಂದಿರಿಗೆ, ತಂಗಿಯರಿಗೆ ಒಂದು ಮಾತು. ಬರೆಯುವಾಗ ಬಿ ಬಿಡಬೇಡಿ, ಅಂಕ ಹೋಗುತ್ತದೆ. ಓದುವಾಗ 'ಸಟ್ಲಿ' ಅನ್ನಿ. ಅರ್ಥ ಬರೆ ಅಂದರೆ 'ಸೂಕ್ಷ್ಮವಾಗಿ, ಸುಲಭಕ್ಕೆ ಗೊತ್ತಾಗದ ಹಾಗೆ' ಅಂತ ಬರೆಯಿರಿ.